ವಸತಿಹೀನರ ಅನುದಾನ: ಬೇ ಏರಿಯಾದ ಒಂದು ಹಳೆಯ ಲೆಕ್ಕ



ಸಾಂತಾ ಕ್ಲಾರಾ ನಗರದ ಆಗ್ನ್ಯೂಸ್ ಆವರಣವನ್ನು ನಮ್ಮಲ್ಲಿ ಅನೇಕರು ಬಲ್ಲರು. ಗಡಿಯಾರದ ಗೋಪುರವುಳ್ಳ ಆ ಹಳೆಯ ಕಟ್ಟಡಗಳನ್ನು 1990ರ ದಶಕದ ಕೊನೆಗೆ ಸನ್ ಮೈಕ್ರೋಸಿಸ್ಟಮ್ಸ್ ಕೊಂಡಿತು. 2010ರಲ್ಲಿ ಸನ್ ಸಂಸ್ಥೆಯೊಡನೆ ಅವೂ ಆರಕಲ್‌ನ ಪಾಲಾದವು. ಅಲ್ಲಿ ದುಡಿದು ಮನೆ ಕಟ್ಟಿದ ಕನ್ನಡಿಗರು ಈ ಸಭೆಯಲ್ಲೂ ಇರಬಹುದು. ಆದರೆ ಆ ನೆಲದಲ್ಲಿ 1888ರಿಂದ ಇದ್ದದ್ದು ಸರ್ಕಾರಿ ಮಾನಸಿಕ ಆಸ್ಪತ್ರೆ. 1906ರ ಭೂಕಂಪದಲ್ಲಿ ಅದು ಕುಸಿದು ನೂರಕ್ಕೂ ಹೆಚ್ಚು ರೋಗಿಗಳೂ ಸಿಬ್ಬಂದಿಯೂ ಸತ್ತರು. ಬಳಿಕ ಮತ್ತೆ ಕಟ್ಟಿದರು. 1970ರ ದಶಕದ ಆರಂಭದಲ್ಲಿ ಅಲ್ಲಿದ್ದ ಮನೋರೋಗಿಗಳನ್ನು ಹೊರಕ್ಕೆ ಕಳುಹಿಸಲಾಯಿತು.

“ಇಷ್ಟು ಹಣ ಸುರಿದರೂ ಬೀದಿಯಲ್ಲಿ ಮಲಗುವವರು ಏಕೆ ಕಡಿಮೆಯಾಗುವುದಿಲ್ಲ?” ಎಂದು ಊರಿನಿಂದ ಬಂದ ಹಿರಿಯರು ನಮ್ಮನ್ನು ಕೇಳುವುದುಂಟು. ಆ ಹಣ ಯಾವ ಕಾಲದಲ್ಲಿ, ಯಾವ ಉದ್ದೇಶದಿಂದ ಹುಟ್ಟಿತೆಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರವಿಲ್ಲ. ಆಗ್ನ್ಯೂಸ್‌ನಿಂದ ಹೊರಟರೆ ದಾರಿ ಸುಲಭವಾಗುತ್ತದೆ.

1950ರ ದಶಕದಲ್ಲಿ ಕ್ಲೋರ್‌ಪ್ರೊಮಝೀನ್ ಬಂದ ಮೇಲೆ ಮನೋರೋಗಿಗಳನ್ನು ಆಜೀವ ಕೂಡಿಹಾಕಬೇಕಾಗಿಲ್ಲವೆಂಬ ಭರವಸೆ ವೈದ್ಯರಲ್ಲಿ ಮೂಡಿತು. 1963ರಲ್ಲಿ ಅಧ್ಯಕ್ಷ ಕೆನೆಡಿ ಸಹಿ ಮಾಡಿದ ಕಾಯಿದೆಯು ಊರೂರಿಗೆ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟಿಕೊಡುವ ಮಾತು ಕೊಟ್ಟಿತು. 1967ರಲ್ಲಿ ಕ್ಯಾಲಿಫೋರ್ನಿಯದ ಲ್ಯಾಂಟರ್‌ಮನ್-ಪೆಟ್ರಿಸ್-ಶಾರ್ಟ್ ಕಾಯಿದೆ ಬಂತು. ಒಪ್ಪದ ರೋಗಿಯನ್ನು ದೀರ್ಘಕಾಲ ಬಂಧನದಲ್ಲಿಡುವುದು ಕಷ್ಟವಾಯಿತು. ಅದಕ್ಕೆ ಸಹಿ ಮಾಡಿದವರು ರಾಜ್ಯಪಾಲ ರೇಗನ್. ರಚಿಸಿದ ಮೂವರಲ್ಲಿ ಒಬ್ಬರಾದ ಪೆಟ್ರಿಸ್ ಓಕ್‌ಲ್ಯಾಂಡಿನ ಡೆಮೊಕ್ರಾಟ್. ಆದುದರಿಂದ ಒಂದೇ ಪಕ್ಷದ ಮೇಲೆ ದೋಷ ಹೊರಿಸುವುದು ನ್ಯಾಯವಲ್ಲ. ಕಾಯಿದೆಯ ಆಶಯವನ್ನು ವೈದ್ಯರಾಗಿ ನಾವು ಇಂದಿಗೂ ಅಲ್ಲಗಳೆಯಲಾರೆವು. ಬಾಗಿಲು ತೆರೆದದ್ದು ಸರಿ; ಹೊರಗೆ ಬಂದವರಿಗೆ ಮನೆ ಗೊತ್ತುಮಾಡಲಿಲ್ಲ. ಆಗ್ನ್ಯೂಸ್‌ನಿಂದ ಬಂದವರಲ್ಲಿ ಬಹಳ ಮಂದಿ ಸ್ಯಾನ್ ಹೋಸೆಯ ಸ್ಟೇಟ್ ಕಾಲೇಜಿನ ಸುತ್ತಮುತ್ತ, ವಿದ್ಯಾರ್ಥಿಗಳು ಬಿಟ್ಟುಹೋದ ಹಳೆಯ ಮನೆಗಳಲ್ಲಿ ಬಾಡಿಗೆಯ ಊಟ-ವಸತಿ ಪಡೆದು ನೆಲೆಸಿದರು. ಮಾತು ಕೊಟ್ಟ ಕೇಂದ್ರಗಳು ಬೇಕಾದಷ್ಟು ಏಳಲಿಲ್ಲ. 1981ರಲ್ಲಿ ಅವುಗಳ ಕೇಂದ್ರ ಸಹಾಯವನ್ನೂ ಕಡಿತಗೊಳಿಸಿ ರಾಜ್ಯಗಳಿಗೆ ಇಡಿಗಂಟಾಗಿ ಕೊಟ್ಟು ಕೈತೊಳೆದುಕೊಂಡರು.

ಅದೇ ವರ್ಷಗಳಲ್ಲಿ ಬಡವನ ಕೋಣೆಯೂ ಮಾಯವಾಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಿಂಗಳ ಬಾಡಿಗೆಗೆ ಒಂಟಿಕೋಣೆ ಕೊಡುವ ಅಗ್ಗದ ಹೋಟೆಲುಗಳಿದ್ದವು. ನಮ್ಮ ಗಾಂಧಿನಗರದ ಲಾಡ್ಜುಗಳನ್ನು ನೆನೆದರೆ ಚಿತ್ರ ಸಿಕ್ಕೀತು. ಕರ್ನೀ ಬೀದಿಯ ಇಂಟರ್‌ನ್ಯಾಷನಲ್ ಹೋಟೆಲಿನಿಂದ 1977ರ ಆಗಸ್ಟ್ 4ರಂದು ನೂರಾರು ಪೊಲೀಸರು ಬಂದು ಮುದಿ ಫಿಲಿಪಿನೊ ಮತ್ತು ಚೀನೀ ಬಾಡಿಗೆದಾರರನ್ನು ಹೊರಹಾಕಿದರು. ಹೊಲ ತೋಟಗಳಲ್ಲಿ, ಹಡಗುಗಳಲ್ಲಿ ದುಡಿದು ಸಂಸಾರವಿಲ್ಲದೆ ಮುಪ್ಪಾದ ವಲಸಿಗರು ಅವರು. ನಮಗಿಂತ ಮೊದಲು ಬಂದ ಏಷ್ಯನ್ನರು. ಆ ನಿವೇಶನದಲ್ಲಿ ಮತ್ತೆ ಹಿರಿಯರ ಮನೆಗಳು ಎದ್ದದ್ದು 2005ರಲ್ಲಿ. ಇತ್ತ 1980ರ ದಶಕದಲ್ಲಿ ಹಡ್ ಎಂದು ಕರೆಯುವ ಕೇಂದ್ರದ ವಸತಿ ಇಲಾಖೆಯ ಮುಂಗಡಪತ್ರ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಹೀಗೆ ಎರಡು ಕಂಬಗಳನ್ನು ಕಿತ್ತ ಮೇಲೆ ಅನುದಾನ ಹುಟ್ಟಿತು. 1983ರಲ್ಲಿ ಕಾಂಗ್ರೆಸ್ ಅನ್ನ ಮತ್ತು ಆಶ್ರಯಕ್ಕೆಂದು 10 ಕೋಟಿ ಡಾಲರ್ ಮಂಜೂರು ಮಾಡಿ, ಅದನ್ನು ಹಂಚುವ ಹೊಣೆಯನ್ನು ಫೀಮಾ ಸಂಸ್ಥೆಗೆ ಒಪ್ಪಿಸಿತು. ಫೀಮಾ ಎಂದರೆ ನೆರೆ, ಬಿರುಗಾಳಿ, ಭೂಕಂಪಗಳ ಇಲಾಖೆ. ವಸತಿಹೀನತೆಯೂ ಒಂದು ನೆರೆ, ನೀರು ಇಳಿದೀತು ಎಂಬುದೇ ಎಣಿಕೆ. 1987ರ ಮಾರ್ಚ್‌ನಲ್ಲಿ ಕೆಲವು ಕಾಂಗ್ರೆಸ್ ಸದಸ್ಯರು ವಾಷಿಂಗ್ಟನ್ನಿನ ಬೀದಿಯಲ್ಲಿ, ವಸತಿಹೀನರು ಬೆಚ್ಚಗೆ ಮಲಗುವ ಹಬೆಕಿಂಡಿಗಳ ಮೇಲೆ ಒಂದು ರಾತ್ರಿ ಮಲಗಿದರು. ಅವರಲ್ಲೊಬ್ಬರಾದ ಕನೆಕ್ಟಿಕಟ್ಟಿನ ರಿಪಬ್ಲಿಕನ್ ಸ್ಟೂಅರ್ಟ್ ಮಕಿನ್ನಿ ಅದೇ ಮೇ ತಿಂಗಳಲ್ಲಿ ತೀರಿಕೊಂಡರು. ಜುಲೈ 22ರಂದು ಅಧ್ಯಕ್ಷ ರೇಗನ್ ಸಹಿ ಮಾಡಿದ ಕಾಯಿದೆಗೆ ಅವರದೇ ಹೆಸರು. ಅದರೊಳಗೆ ಹದಿನೈದು ಕಾರ್ಯಕ್ರಮಗಳಿದ್ದವು. ಅದಕ್ಕೆ ಎರಡು ವರ್ಷ ಮೊದಲು ದತ್ತಿಸಂಸ್ಥೆಗಳ ನೆರವಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸೇರಿ 19 ನಗರಗಳಲ್ಲಿ ನಡೆದಿದ್ದ ವಸತಿಹೀನರ ವೈದ್ಯಸೇವೆಗೂ ಈ ಕಾಯಿದೆಯಿಂದಲೇ ಕೇಂದ್ರದ ಹಣ ದೊರಕಿತು. ಅಮೆರಿಕದ ಒಳ್ಳೆಯ ಕಾಯಿದೆಗಳಲ್ಲಿ ಇದೊಂದೆಂದು ನಾವು ಎಣಿಸುತ್ತೇವೆ. ಆದರೆ ಅದರ ಹಣೆಯ ಮೇಲೆ ‘ತುರ್ತು’ ಎಂಬ ಅಕ್ಷರ ಬರೆದಿತ್ತು. ಅದು ಇನ್ನೂ ಪೂರ್ತಿ ಅಳಿಸಿಲ್ಲ.

ಇಲ್ಲಿ ನಮಗೆ ಬಳ್ಳಿಗಾವೆಯ ನೆನಪಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ಆ ಊರಿನ ಕೋಡಿಯ ಮಠದ 1162ರ ಶಾಸನವು ಆ ಮಠವನ್ನು ದಿಕ್ಕಿಲ್ಲದವರಿಗೂ ಕುಂಟರು ಕುರುಡರು ಕಿವುಡರಿಗೂ ಅನ್ನ ನೀಡುವ, ರೋಗಿಗಳಿಗೆ ಔಷಧ ಕೊಡುವ ಸ್ಥಾನವೆಂದು ವರ್ಣಿಸುತ್ತದೆ. ಅಂಥ ಕಾರ್ಯಕ್ಕೆ ನಮ್ಮ ಅರಸರು ಬಿಡುತ್ತಿದ್ದುದು ದತ್ತಿ: ಊರು, ಗದ್ದೆ, ಸುಂಕದ ಒಂದು ಪಾಲು. ಅದರ ಅವಧಿ ಚಂದ್ರಸೂರ್ಯರಿರುವವರೆಗೆ. ಅಳುಪಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ. ದತ್ತಿಗಳು ಕಬಳಿಕೆಯಾಗಲಿಲ್ಲವೆಂದಲ್ಲ, ಶಾಪ ಬರೆಯಬೇಕಾಗಿತ್ತೆಂಬುದೇ ಕಬಳಿಸುವವರಿದ್ದರೆಂಬುದಕ್ಕೆ ಸಾಕ್ಷಿ. ಆದರೂ ದಾನಿಯು ಹಸಿವನ್ನು ಒಂದು ವರ್ಷದ ವಿಚಾರವೆಂದು ತಿಳಿದಿರಲಿಲ್ಲ. ಹಡ್ ಇಲಾಖೆಯ ಒಪ್ಪಂದದಲ್ಲಿ ಶಾಪವಿಲ್ಲ. ಕೇಂದ್ರದ ಲೆಕ್ಕದ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ.

1990ರ ದಶಕದ ಮಧ್ಯದಲ್ಲಿ ಹಡ್ ಒಂದು ಸುಧಾರಣೆ ತಂದಿತು. ಒಂದೊಂದು ಸಂಸ್ಥೆ ಬೇರೆಬೇರೆಯಾಗಿ ಬೇಡುವ ಬದಲು, ಇಡೀ ಪ್ರದೇಶವು ಒಟ್ಟಾಗಿ ಒಂದೇ ಅರ್ಜಿ ಹಾಕಬೇಕು; ಅರ್ಜಿಗಳಿಗೆ ಅಂಕ; ಅಂಕಕ್ಕೆ ತಕ್ಕ ಹಣ. 2009ರ ಹಾರ್ತ್ ಕಾಯಿದೆ ಇದನ್ನೇ ಗಟ್ಟಿಗೊಳಿಸಿತು. ಪಡೆದ ಅನುದಾನದಲ್ಲಿ ಬಹುಪಾಲಿಗೆ ಸ್ಥಳೀಯರು ಶೇ. 25ರಷ್ಟು ಕೂಡಿಸಬೇಕು. ಜನವರಿ ಕೊನೆಯಲ್ಲಿ ನಸುಕಿನಲ್ಲೆದ್ದು ಸ್ವಯಂಸೇವಕರು ಬೀದಿ ಬೀದಿ ತಿರುಗಿ ತಲೆ ಎಣಿಸುವುದೂ ಈ ಅರ್ಜಿಗಾಗಿಯೇ. ಶಾಶ್ವತ ಆಸರೆಯ ಮನೆ ಸಿಗಬೇಕಾದರೆ ರೋಗ ಅಥವಾ ಅಂಗವೈಕಲ್ಯವಿದೆಯೆಂದು ದೃಢೀಕರಣ ಬೇಕು. ಅಲ್ಲಿ ವೈದ್ಯರ ಸಹಿ ಬರುತ್ತದೆ. ನಾವು ತರಬೇತಿಯಲ್ಲಿದ್ದಾಗ ಒಬ್ಬ ಮಧುಮೇಹಿಯ ಕಾಲಿನ ಹುಣ್ಣು ಮಾಗಿಸಿ, ಇನ್ಸುಲಿನ್ ಬರೆದುಕೊಟ್ಟು ಮನೆಗೆ ಕಳುಹಿಸಿದೆವು. ಇನ್ಸುಲಿನ್ನನ್ನು ತಂಪಿನಲ್ಲಿಡಿ ಎಂದೆವು. ಮೂರು ವಾರಕ್ಕೆ ಅದೇ ಕಾಲು ಮತ್ತೆ ಬಂತು, ಈ ಬಾರಿ ಎರಡು ಬೆರಳು ಹೋದವು. ವಿಳಾಸವೆಂಬಲ್ಲಿ ಏನೂ ಬರೆದಿರಲಿಲ್ಲ. ನಾವು ಅದನ್ನು ಓದಿರಲಿಲ್ಲ.

ಮನೆಯೇ ಮೊದಲ ಮದ್ದು ಎಂಬುದನ್ನು ಸ್ಯಾನ್ ಫ್ರಾನ್ಸಿಸ್ಕೊದ ಆರೋಗ್ಯ ಇಲಾಖೆ ಬೇಗನೆ ಅರಿಯಿತು. 1998ರಲ್ಲಿ ಅದು ಹಳೆಯ ಒಂಟಿಕೋಣೆ ಹೋಟೆಲುಗಳನ್ನೇ ಗುತ್ತಿಗೆಗೆ ಹಿಡಿದು ರೋಗಿಗಳಿಗೆ ಕೋಣೆ ಕೊಡುವ ಯೋಜನೆ ಆರಂಭಿಸಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ರಾಜ್ಯವೇ ಹೋಮ್‌ಕೀ ಎಂಬ ಹೆಸರಿನಿಂದ ಮೋಟೆಲುಗಳನ್ನು ಕೊಳ್ಳಲು ಹಣ ಕೊಟ್ಟಿತು. ಸಾಂತಾ ಕ್ಲಾರಾ ಕೌಂಟಿಯ ಮತದಾರರು 2016ರಲ್ಲಿ 95 ಕೋಟಿ ಡಾಲರಿನ ವಸತಿ ಸಾಲಪತ್ರಕ್ಕೆ ಒಪ್ಪಿದರು. ನಮ್ಮ ಮನೆತೆರಿಗೆಯ ಬಿಲ್ಲಿನಲ್ಲಿ ಅದರ ಸಾಲು ಇದೆ. ಆದರೆ ಅಂಥ ಸಾಲಪತ್ರದ ಹಣದಿಂದ ಕಟ್ಟಡ ಕಟ್ಟಬಹುದು, ನರ್ಸಿನ ಸಂಬಳ ಕೊಡುವಂತಿಲ್ಲ. ಗೋಡೆ ಐವತ್ತು ವರ್ಷ ನಿಲ್ಲುತ್ತದೆ. ಗೋಡೆಯೊಳಗಿನ ರೋಗಿಯನ್ನು ವಿಚಾರಿಸುವವರ ಕೆಲಸ ಮುಂದಿನ ವರ್ಷ ಇದ್ದೀತೇ ಎಂಬುದು ಅರ್ಜಿಯ ಅಂಕಗಳ ಮೇಲೆ ನಿಂತಿದೆ. ದತ್ತಿಗೆ ಸಮೀಪವಾದುದೆಂದರೆ ಸ್ಯಾನ್ ಫ್ರಾನ್ಸಿಸ್ಕೊ ಮತದಾರರು 2018ರಲ್ಲಿ ದೊಡ್ಡ ಕಂಪನಿಗಳ ಮೇಲೆ ವಿಧಿಸಿದ ತೆರಿಗೆ. ಅದರ ವ್ಯಾಜ್ಯ ಮುಗಿದು ಹಣ ಹರಿಯಲು 2020 ಬರಬೇಕಾಯಿತು.

ಹಣ ಪೋಲಾಗಿಲ್ಲವೆಂದು ನಾವು ವಾದಿಸುವುದಿಲ್ಲ. ಐದು ವರ್ಷಗಳಲ್ಲಿ ಸುಮಾರು 2,400 ಕೋಟಿ ಡಾಲರ್ ಖರ್ಚು ಮಾಡಿದ ಕ್ಯಾಲಿಫೋರ್ನಿಯ ಅದರ ಫಲವನ್ನು ಸರಿಯಾಗಿ ಲೆಕ್ಕವಿಟ್ಟಿಲ್ಲವೆಂದು ರಾಜ್ಯದ ಲೆಕ್ಕಪರಿಶೋಧಕರೇ 2024ರ ಏಪ್ರಿಲ್‌ನಲ್ಲಿ ಬರೆದರು. ಹಿರಿಯರ ಸಂಶಯಕ್ಕೆ ಅಷ್ಟು ಆಧಾರವಿದೆ. ಆದರೆ ನಮ್ಮ ಔತಣಕೂಟಗಳಲ್ಲಿ ಕೇಳಿಬರುವ ಇನ್ನೊಂದು ಮಾತಿಗೆ, ಇವರೆಲ್ಲ ಬಿಸಿಲಿಗಾಗಿ ಹೊರಗಿನಿಂದ ಬಂದವರು ಎಂಬುದಕ್ಕೆ, ಆಧಾರವಿಲ್ಲ. 2023ರಲ್ಲಿ ಯುಸಿಎಸ್‌ಎಫ್‌ನ ವೈದ್ಯೆ ಮಾರ್ಗೊ ಕುಶೆಲ್ ನೇತೃತ್ವದ ಅಧ್ಯಯನವು ರಾಜ್ಯದ ವಸತಿಹೀನರಲ್ಲಿ ಶೇ. 90ರಷ್ಟು ಮಂದಿ ಮನೆ ಕಳೆದುಕೊಂಡದ್ದು ಕ್ಯಾಲಿಫೋರ್ನಿಯದಲ್ಲಿಯೇ ಎಂದು ಕಂಡಿತು. ಒಂಟಿಯಾಗಿರುವ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಐವತ್ತು ದಾಟಿದವರು, ಅಂದರೆ ನಮ್ಮ ವಯಸ್ಸಿನವರು. ಹೊರಗಿನಿಂದ ಬಂದವರು ಎಂಬ ಮಾತನ್ನು ಎಂಟು ಸಾವಿರ ಮೈಲಿ ದಾಟಿ ಬಂದ ನಾವು ಆಡುವುದು ಹೇಗೂ ಅಷ್ಟು ಒಪ್ಪುವುದಿಲ್ಲ.

ಈಗ ಆ ವಾರ್ಷಿಕ ಅನುದಾನವೇ ಅಲುಗಾಡುತ್ತಿದೆ. 2025ರಲ್ಲಿ ಕೇಂದ್ರವು ಅನುದಾನದ ಒಪ್ಪಂದಗಳಿಗೆ ಹೊಸ ಷರತ್ತುಗಳನ್ನು ಸೇರಿಸಿತು. ಮೇ ತಿಂಗಳಲ್ಲಿ ಅವುಗಳ ವಿರುದ್ಧ ಸಿಯಾಟಲ್ ನಗರದ ಫೆಡರಲ್ ನ್ಯಾಯಾಲಯಕ್ಕೆ ಹೋದ ವಾದಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವೂ ಸಾಂತಾ ಕ್ಲಾರಾ ಕೌಂಟಿಯೂ ಇದ್ದವು. ನ್ಯಾಯಾಲಯವು ಆ ಷರತ್ತುಗಳಿಗೆ ತಾತ್ಕಾಲಿಕ ತಡೆ ಕೊಟ್ಟಿತು. ಜುಲೈ 24ರ ಅಧ್ಯಕ್ಷರ ಆಜ್ಞೆಯು ಮೊದಲು ಮನೆ, ಆಮೇಲೆ ಚಿಕಿತ್ಸೆ ಎಂಬ ನೀತಿಗೆ ಬೆಂಬಲ ನಿಲ್ಲಿಸಬೇಕೆಂದೂ, ಮನೋರೋಗಿಗಳನ್ನು ಒಪ್ಪಿಗೆಯಿಲ್ಲದೆ ಸಂಸ್ಥೆಗಳಲ್ಲಿ ಇರಿಸುವುದನ್ನು ಪ್ರೋತ್ಸಾಹಿಸಬೇಕೆಂದೂ ಹೇಳಿತು. ಆಗ್ನ್ಯೂಸ್‌ನಂಥ ಆಸ್ಪತ್ರೆಗಳ ಬಾಗಿಲನ್ನು ಮತ್ತೆ ತೆರೆಯಬೇಕೆಂಬ ಮಾತು ನಾವು ವೃತ್ತಿಗೆ ಬಂದ ಮೇಲೆ ಇಷ್ಟು ಬಹಿರಂಗವಾಗಿ ಕೇಳಿಬಂದದ್ದು ಇದೇ ಮೊದಲು. ಸಮಯವಾಯಿತೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಉಳಿದುದನ್ನು ನಿಮ್ಮ ಪ್ರಶ್ನೆಗಳಿಗೆ ಬಿಡುತ್ತೇವೆ.