ಆದಿ ಕ್ರೈಸ್ತ ಇತಿಹಾಸ ಕುರಿತ ಪಿತೂರಿ ಕಾದಂಬರಿಗಳು

ಯೇಸುವಿನ ಬದುಕಿನ ಬಗ್ಗೆ, ಆತನ ಹೆಸರಿನಲ್ಲಿ ಮೊದಲ ನಾಲ್ಕು ಶತಮಾನಗಳಲ್ಲಿ ರೂಪುಗೊಂಡ ಧರ್ಮದ ಬಗ್ಗೆ ದೊಡ್ಡದೊಂದು ಸತ್ಯವಿತ್ತು, ಅದನ್ನು ಚರ್ಚು ಬೇಕೆಂದೇ ಅಡಗಿಸಿತು ಎಂಬ ಕಲ್ಪನೆಯ ಮೇಲೆ ನಿಂತ ಜನಪ್ರಿಯ ಕಥನ ಪ್ರಕಾರ. ಕಳೆದುಹೋದ ಸುವಾರ್ತೆ, ಯಾರೂ ತೆರೆಯದ ಸಮಾಧಿ, ಗುಪ್ತ ವಂಶಾವಳಿ, ಅದನ್ನು ಕಾಯುವ ರಹಸ್ಯ ಸಂಘ ಇವೇ ಇದರ ಸಾಮಗ್ರಿ. ಡ್ಯಾನ್ ಬ್ರೌನ್ ಬರೆದ ‘ದ ಡಾ ವಿಂಚಿ ಕೋಡ್’ (2003) ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಆದರೆ ಈ ಬಗೆಯ ಕಥೆ ಹುಟ್ಟಿ ಇನ್ನೂರು ವರ್ಷ ದಾಟಿದೆ.

1780ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫ್ರೀಡ್ರಿಶ್ ಬಾರ್ಟ್ ಎಂಬ ದೇವತಾಶಾಸ್ತ್ರಜ್ಞ ಯೇಸುವನ್ನು ಎಸ್ಸೀನರೆಂಬ ಯೆಹೂದಿ ಪಂಥದ ರಹಸ್ಯ ಸಂಘವೊಂದರ ಸದಸ್ಯನನ್ನಾಗಿ ಚಿತ್ರಿಸಿದ. ಶಿಲುಬೆಯ ಮರಣ, ಪುನರುತ್ಥಾನ ಎಲ್ಲವೂ ಆ ಸಂಘ ಮೊದಲೇ ಹೂಡಿದ ಆಟವೆಂದೂ, ವೈದ್ಯನಾದ ಲೂಕ ಕೊಟ್ಟ ಔಷಧಿಯಿಂದ ಯೇಸು ಬದುಕುಳಿದನೆಂದೂ ಅವನ ವಾದ. ಸ್ವಲ್ಪ ಕಾಲದ ನಂತರ ಕಾರ್ಲ್ ವೆಂಟುರಿನಿ ಇದೇ ಕಥೆಯನ್ನು ಇನ್ನೂ ಬೆಳೆಸಿದ. ಪವಾಡವನ್ನು ನಂಬಲಾಗದ, ಹಾಗೆಂದು ಯೇಸುವನ್ನು ಬಿಡಲೂ ಆಗದ ವಿಚಾರಯುಗದ ಓದುಗರಿಗೆ ಇದು ಸಮಾಧಾನ ಕೊಟ್ಟಿತು. ಆಲ್ಬರ್ಟ್ ಶ್ವೈಟ್ಜರ್ 1906ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇವರಿಬ್ಬರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ.

ಸುವಾರ್ತೆಗಳು ಹನ್ನೆರಡರ ಬಾಲಕ ಯೇಸುವಿನಿಂದ ಸುಮಾರು ಮೂವತ್ತರ ಪ್ರಾಯದ ಬೋಧಕನಿಗೆ ನೇರವಾಗಿ ಬರುತ್ತವೆ. ನಡುವಿನ ವರ್ಷಗಳ ಮೌನವನ್ನು ತುಂಬಲು ಹೊರಟವರಲ್ಲಿ ನಿಕೊಲಾಸ್ ನೊಟೊವಿಚ್ ಒಬ್ಬ. ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಭಾರತ ಪ್ರವಾಸದ ಹಸ್ತಪ್ರತಿಯನ್ನು ಕಂಡೆನೆಂದು ಆತ 1894ರಲ್ಲಿ ಪುಸ್ತಕ ಪ್ರಕಟಿಸಿದ. ಮ್ಯಾಕ್ಸ್ ಮುಲ್ಲರ್ ಅದನ್ನು ಅಲ್ಲಗಳೆದ. ಆಗ್ರಾದ ಕಾಲೇಜಿನ ಪ್ರಾಧ್ಯಾಪಕ ಆರ್ಚಿಬಾಲ್ಡ್ ಡಗ್ಲಸ್ ಮರುವರ್ಷ ಹೆಮಿಸ್‌ಗೇ ಹೋಗಿ ವಿಚಾರಿಸಿದಾಗ, ಅಂಥ ಗ್ರಂಥವೇ ಇಲ್ಲವೆಂದು ಮಠದ ಮುಖ್ಯ ಲಾಮಾ ಹೇಳಿದರು. ಹೀಗೆ ಸುಳ್ಳೆಂದು ತೋರಿಸಿದ ಮೇಲೂ ಆ ಪುಸ್ತಕ ಇಂದಿನವರೆಗೆ ಮರುಮುದ್ರಣ ಕಾಣುತ್ತಲೇ ಇದೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪಿತೂರಿಗಾರ ಚರ್ಚಿನ ಹೊರಗಿದ್ದ ಎಂಬುದನ್ನು ಗಮನಿಸಬೇಕು. ಗೈ ಥಾರ್ನ್‌ನ ‘ವೆನ್ ಇಟ್ ವಾಸ್ ಡಾರ್ಕ್’ (1903) ಕಾದಂಬರಿಯಲ್ಲಿ ಕ್ರೈಸ್ತ ದ್ವೇಷಿ ಧನಿಕನೊಬ್ಬ ಜೆರುಸಲೇಮಿನಲ್ಲಿ ನಕಲಿ ಶಾಸನವನ್ನು ‘ಪತ್ತೆ’ ಮಾಡಿಸಿ ಪುನರುತ್ಥಾನವೇ ಸುಳ್ಳೆಂದು ಜಗತ್ತನ್ನು ನಂಬಿಸುತ್ತಾನೆ. ಜೇಮ್ಸ್ ಹಂಟರ್‌ನ ‘ದ ಮಿಸ್ಟರಿ ಆಫ್ ಮಾರ್ ಸಾಬಾ’ (1940) ಅದೇ ಹಾದಿಯದು. ಶತಮಾನದ ಕೊನೆಗೆ ಪಾತ್ರಗಳು ಅದಲುಬದಲಾದವು. ಸುಳ್ಳು ಹೇಳುವವನು ಬಿಷಪ್, ಸತ್ಯ ಹುಡುಕುವವನು ವಿದ್ವಾಂಸ. ಈ ಪ್ರಕಾರದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

ತಿರುವಿಗೆ ಕಾರಣಗಳು ನಿಜ ಜೀವನದಲ್ಲೇ ಇದ್ದವು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಕಾಪ್ಟಿಕ್ ಭಾಷೆಯ ಹದಿಮೂರು ಪ್ರಾಚೀನ ಹೊತ್ತಗೆಗಳು ಸಿಕ್ಕವು. ಬೈಬಲಿಗೆ ಸೇರದ ಥಾಮಸನ, ಫಿಲಿಪನ ಸುವಾರ್ತೆಗಳು ಅವುಗಳಲ್ಲಿದ್ದವು. ಎರಡು ವರ್ಷದ ನಂತರ ಮೃತ ಸಮುದ್ರದ ಸುರುಳಿಗಳು ಬೆಳಕಿಗೆ ಬಂದವು. ಸುರುಳಿಗಳ ಬಹುಭಾಗವನ್ನು ವಿದ್ವಾಂಸರ ಚಿಕ್ಕ ಗುಂಪೊಂದು ದಶಕಗಳ ಕಾಲ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದರಿಂದ ಸಂಶಯ ದಟ್ಟವಾಯಿತು. 1991ರಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಗ್ರಂಥಾಲಯ ಅವುಗಳ ಛಾಯಾಪ್ರತಿಗಳನ್ನು ಎಲ್ಲ ಸಂಶೋಧಕರಿಗೂ ತೆರೆದಿಟ್ಟ ಮೇಲೂ ಆ ಸಂಶಯ ಕರಗಲಿಲ್ಲ. 1979ರಲ್ಲಿ ಎಲೇನ್ ಪೇಜಲ್ಸ್ ಬರೆದ ‘ದ ನಾಸ್ಟಿಕ್ ಗಾಸ್ಪೆಲ್ಸ್’ ಈ ಚರ್ಚೆಯನ್ನು ವಿಶ್ವವಿದ್ಯಾಲಯದ ಗೋಡೆಯಾಚೆ ತಂದಿತು.

ಎರಡನೆಯ ಬೇರು ಫ್ರಾನ್ಸಿನ ರೆನ್-ಲ್-ಶಾತೊ ಎಂಬ ಗುಡ್ಡದ ಹಳ್ಳಿಯಲ್ಲಿದೆ. ಅಲ್ಲಿನ ಪಾದ್ರಿ ಬೆರಾಂಜೆ ಸೊನಿಯೆ (1852–1917) ಕೈತುಂಬ ಹಣ ಸುರಿದು ಗುಡಿಯನ್ನು ನವೀಕರಿಸಿದ, ಬಂಗಲೆ ಮತ್ತು ಗೋಪುರ ಕಟ್ಟಿಸಿದ. ಹಣ ಬಂದದ್ದು ದೂರದೂರದ ಭಕ್ತರಿಂದ ಪೂಜೆಗೆಂದು ಅಂಚೆಯಲ್ಲಿ ಪಡೆದ ಕಾಣಿಕೆಗಳಿಂದ. ಇದಕ್ಕಾಗಿ ಬಿಷಪ್ ಅವನ ವಿಚಾರಣೆ ನಡೆಸಿದ್ದೂ ಉಂಟು. ಆ ಬಂಗಲೆಯಲ್ಲಿ ಹೋಟೆಲ್ ತೆರೆದ ನೊಯೆಲ್ ಕೊರ್ಬು 1950ರ ದಶಕದಲ್ಲಿ ಗಿರಾಕಿಗಳಿಗೆ ನಿಧಿಯ ಕಥೆ ಹೇಳತೊಡಗಿದ. ಅದೇ ಸುಮಾರಿಗೆ, 1956ರಲ್ಲಿ, ಪಿಯೆರ್ ಪ್ಲಾಂತಾರ್ ಎಂಬಾತ ‘ಪ್ರಯರಿ ಆಫ್ ಸಿಯೋನ್’ ಹೆಸರಿನ ಚಿಕ್ಕ ಸಂಘವೊಂದನ್ನು ನೋಂದಾಯಿಸಿದ. ಮುಂದೆ ಅವನೂ ಗೆಳೆಯರೂ ಸೇರಿ ನಕಲಿ ಕಾಗದಪತ್ರಗಳನ್ನು ಸೃಷ್ಟಿಸಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿಸಿದರು. ಅವುಗಳ ಪ್ರಕಾರ ಸಂಘದ ಸ್ಥಾಪನೆ 1099ರಲ್ಲಿ. ಲಿಯೊನಾರ್ಡೊ, ನ್ಯೂಟನ್ ಅದರ ಮುಖ್ಯಸ್ಥರು. ಇವೇ ಕಾಗದಗಳನ್ನು ನಂಬಿ ಹೆನ್ರಿ ಲಿಂಕನ್ ಬಿಬಿಸಿಗೆ ಸಾಕ್ಷ್ಯಚಿತ್ರಗಳನ್ನು ಮಾಡಿದ. 1982ರಲ್ಲಿ ಮೈಕೆಲ್ ಬೇಜೆಂಟ್, ರಿಚರ್ಡ್ ಲೀ ಜೊತೆ ‘ದ ಹೋಲಿ ಬ್ಲಡ್ ಅಂಡ್ ದ ಹೋಲಿ ಗ್ರೇಲ್’ ಬರೆದ. ಯೇಸು ಮತ್ತು ಮಗ್ದಲದ ಮರಿಯಳ ಸಂತಾನ ಫ್ರಾನ್ಸಿನ ರಾಜವಂಶದಲ್ಲಿ ಮುಂದುವರಿಯಿತು ಎಂಬ ಮಾತನ್ನು ಸೇರಿಸಿದ್ದು ಈ ಮೂವರು, ಪ್ಲಾಂತಾರ್ ಅಲ್ಲ. 1993ರಲ್ಲಿ ಫ್ರೆಂಚ್ ನ್ಯಾಯಾಧೀಶರೆದುರು ಪ್ಲಾಂತಾರ್ ತನ್ನ ಕಟ್ಟುಕಥೆಯನ್ನು ಒಪ್ಪಿಕೊಂಡ.

ಹತ್ತು ವರ್ಷದ ನಂತರ ಬ್ರೌನ್ ಅದೇ ಸಂಘವನ್ನು ತನ್ನ ಕಾದಂಬರಿಯ ಆರಂಭದ ಪುಟದಲ್ಲಿ ನಿಜವೆಂದು ಸಾರಿದ. ಪುಸ್ತಕದ 8 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಬೇಜೆಂಟ್ ಮತ್ತು ಲೀ ಲಂಡನ್ನಿನಲ್ಲಿ ಹಕ್ಕುಸ್ವಾಮ್ಯದ ದಾವೆ ಹೂಡಿ 2006ರಲ್ಲಿ ಸೋತರು. ಇತಿಹಾಸವೆಂದು ಮಂಡಿಸಿದ ವಿಚಾರವನ್ನು ಕಾದಂಬರಿಕಾರ ಬಳಸದಂತೆ ತಡೆಯಲು ಅವರಿಗೆ ಸಾಧ್ಯವಾಗಲಿಲ್ಲ.

ಕಾದಂಬರಿಯ ಪ್ರಕಾರ ಯೇಸುವನ್ನು ದೇವರೆಂದು ಘೋಷಿಸಿದ್ದು 325ರ ನೈಸಿಯಾ ಸಭೆ, ಅದೂ ಹೆಚ್ಚು ಅಂತರವಿಲ್ಲದ ಮತದಿಂದ. ಆದರೆ ಪೌಲನ ಪತ್ರಗಳಲ್ಲೇ, ಅಂದರೆ ಮೊದಲನೆಯ ಶತಮಾನದಲ್ಲೇ, ಯೇಸುವಿನ ಆರಾಧನೆ ಕಾಣುತ್ತದೆ. ನೈಸಿಯಾದಲ್ಲಿ ಚರ್ಚೆಯಾದದ್ದು ಮಗನು ತಂದೆಗೆ ಸಮಾನನೇ ಎಂದು ಏರಿಯಸ್ ಎಂಬ ಪಾದ್ರಿ ಎತ್ತಿದ ಪ್ರಶ್ನೆ. ಕೊನೆಗೆ ಸಭೆಯ ನಿರ್ಣಯಕ್ಕೆ ಏರಿಯಸನ ಜೊತೆ ಸಹಿ ಹಾಕದೆ ಉಳಿದ ಬಿಷಪ್‌ಗಳು ಇಬ್ಬರೇ. ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಅಲ್ಲಿ ಆರಿಸಲಿಲ್ಲ. ಇಂದಿನ ಇಪ್ಪತ್ತೇಳು ಪುಸ್ತಕಗಳ ಪಟ್ಟಿ ನಮಗೆ ಮೊದಲು ಸಿಗುವುದು 367ರಲ್ಲಿ ಅಥನೇಷಿಯಸ್ ಬರೆದ ಪತ್ರದಲ್ಲಿ. ನಾಗ್ ಹಮ್ಮಾದಿಯ ಗ್ರಂಥಗಳು ಮನುಷ್ಯ ಯೇಸುವನ್ನು ತೋರಿಸುತ್ತವೆಂಬುದೂ ತಲೆಕೆಳಗಾದ ಮಾತು. ಅವುಗಳಲ್ಲಿ ಹಲವು ಆತನನ್ನು ನೋವು ತಟ್ಟದ ದಿವ್ಯಾತ್ಮನನ್ನಾಗಿ ಕಾಣುತ್ತವೆ. ಸ್ತ್ರೀಯು ಪುರುಷನಾದರೆ ಮಾತ್ರ ಸ್ವರ್ಗರಾಜ್ಯಕ್ಕೆ ಪ್ರವೇಶವೆಂಬ ಅರ್ಥದ ಮಾತಿನಿಂದ ಥಾಮಸನ ಸುವಾರ್ತೆ ಮುಗಿಯುತ್ತದೆ. ಯೇಸು ಮರಿಯಳಿಗೆ ಮುತ್ತಿಟ್ಟನೆನ್ನುವ ಫಿಲಿಪನ ಸುವಾರ್ತೆಯ ಸಾಲಿನಲ್ಲಿ, ಎಲ್ಲಿಗೆ ಮುತ್ತಿಟ್ಟ ಎಂಬ ಜಾಗದಲ್ಲಿ ಹಾಳೆ ತೂತಾಗಿದೆ.

ಆದರೂ ಓದುಗರನ್ನು ಮುಗ್ಧರೆಂದು ತಳ್ಳಿಹಾಕುವುದು ಅನ್ಯಾಯ. ಕ್ಯಾಥೊಲಿಕ್ ಚರ್ಚು 1559ರಿಂದ 1966ರವರೆಗೆ ನಿಷಿದ್ಧ ಗ್ರಂಥಗಳ ಪಟ್ಟಿಯನ್ನು ಇಟ್ಟುಕೊಂಡಿತ್ತು. ಪೋಪ್ ಒಂದನೆಯ ಗ್ರೆಗರಿ 591ರ ಪ್ರವಚನದಲ್ಲಿ ಮಗ್ದಲದ ಮರಿಯಳನ್ನೂ ಸುವಾರ್ತೆಯ ಬೇರೊಬ್ಬ ಪಾಪಿ ಹೆಂಗಸನ್ನೂ ಒಬ್ಬಳನ್ನಾಗಿ ಮಾಡಿದ. ರೋಮ್ ಇಬ್ಬರನ್ನೂ ಬೇರೆಮಾಡಿದ್ದು 1969ರಲ್ಲಿ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಬಾಸ್ಟನ್ನಿನ ಧರ್ಮಪ್ರಾಂತ್ಯ ರಕ್ಷಿಸುತ್ತ ಬಂದದ್ದನ್ನು ಪತ್ರಿಕೆಯೊಂದು ಬಯಲಿಗೆಳೆದದ್ದು 2002ರಲ್ಲಿ, ಬ್ರೌನ್‌ನ ಕಾದಂಬರಿಗೆ ಒಂದೇ ವರ್ಷ ಮೊದಲು. ಮುಚ್ಚಿಡುವ ಸಂಸ್ಥೆ ಎಂಬ ಚಿತ್ರವನ್ನು ಕಾದಂಬರಿಕಾರರು ಶೂನ್ಯದಿಂದ ತರಲಿಲ್ಲ. ಅದಕ್ಕೆ ಒಗಟು ಬಿಡಿಸುವ ಸುಖ, ತಾನೇ ವಿದ್ವಾಂಸನ ಜೊತೆ ಓಡುತ್ತಿರುವ ಭಾವ, ಹೋಗಿ ನೋಡಬಹುದಾದ ನಿಜವಾದ ಚರ್ಚು ಮತ್ತು ಚಿತ್ರಗಳು ಸೇರಿದವು. ನಷ್ಟವಾದದ್ದು ಇತಿಹಾಸಕ್ಕೆ. ಅಂಟಿಯೋಕ್, ಅಲೆಕ್ಸಾಂಡ್ರಿಯ, ರೋಮ್ ನಗರಗಳಲ್ಲಿ ನೂರಾರು ಜನ ಬಹಿರಂಗವಾಗಿ ನಡೆಸಿದ ದೀರ್ಘ ಜಗಳವನ್ನು ಈ ಕಥೆಗಳು ಒಬ್ಬ ಚಕ್ರವರ್ತಿಯ ಒಂದು ದಿನದ ಸಂಚಿಗೆ ಇಳಿಸುತ್ತವೆ.

2006ರಲ್ಲಿ ‘ದ ಡಾ ವಿಂಚಿ ಕೋಡ್’ ಆಧರಿಸಿದ ಚಲನಚಿತ್ರ ಭಾರತಕ್ಕೆ ಬಂದಾಗ ಸೆನ್ಸಾರ್ ಮಂಡಳಿ ಇದು ಕಾಲ್ಪನಿಕವೆಂಬ ಸೂಚನೆ ಸೇರಿಸಿ ಅನುಮತಿ ಕೊಟ್ಟಿತು. ಕೆಲವು ರಾಜ್ಯಗಳು ನಿಷೇಧಿಸಿದವು. ಆಂಧ್ರಪ್ರದೇಶದ ನಿಷೇಧವನ್ನು ಅಲ್ಲಿನ ಹೈಕೋರ್ಟ್ ರದ್ದುಪಡಿಸಿತು. ಮರುವರ್ಷ ಬಂದ ಅಶ್ವಿನ್ ಸಂಘಿಯ ‘ದ ರೋಜಾಬಲ್ ಲೈನ್’, ಯೇಸುವಿನ ಸಮಾಧಿ ಶ್ರೀನಗರದಲ್ಲಿದೆ ಎಂಬ ಅಹ್ಮದೀಯರ ನಂಬಿಕೆಯನ್ನು ರೋಚಕ ಕಥೆಯಾಗಿಸಿತು.

2012ರಲ್ಲಿ ಹಾರ್ವರ್ಡಿನ ಕ್ಯಾರನ್ ಕಿಂಗ್ ಅಂಗೈಗಿಂತ ಚಿಕ್ಕದಾದ ಪಪೈರಸ್ ತುಣುಕನ್ನು ರೋಮಿನಲ್ಲಿ ಪರಿಚಯಿಸಿದರು. ಅದರಲ್ಲಿ ಯೇಸು ‘ನನ್ನ ಹೆಂಡತಿ’ ಎನ್ನುತ್ತಾನೆ. ತುಣುಕಿನ ಪದಗಳು ಥಾಮಸನ ಸುವಾರ್ತೆಯ ಅಂತರ್ಜಾಲ ಪ್ರತಿಯೊಂದರಿಂದ, ಅದರಲ್ಲಿದ್ದ ಅಚ್ಚಿನ ದೋಷದ ಸಮೇತ, ಬಂದಿವೆ ಎಂದು ಇತರ ವಿದ್ವಾಂಸರು ತೋರಿಸಿದರು. 2016ರಲ್ಲಿ ಪತ್ರಕರ್ತ ಏರಿಯಲ್ ಸಾಬರ್ ತುಣುಕಿನ ಮೂಲವನ್ನು ಬೆನ್ನಟ್ಟಿ ಬರೆದ ಮೇಲೆ, ಅದು ನಕಲಿಯೇ ಇರಬಹುದೆಂದು ಕಿಂಗ್ ಒಪ್ಪಿಕೊಂಡರು.