ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯ ಕಂಠಪಾಠದ ಶಾಲೆಗಳು

ಒಂದು ಸೀಮೆಯ ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಸರಕಾರದ ವರದಿಗಳಲ್ಲಿ ದೊರೆಯುವ ಶಾಲೆಗಳ ಲೆಕ್ಕದಿಂದಲೇ ಆರಂಭಿಸುವರು. ಉತ್ತರ ಕನ್ನಡ ಜಿಲ್ಲೆಯ ವಿಷಯದಲ್ಲಿ ಈ ಕ್ರಮವನ್ನು ಅನುಸರಿಸಿದರೆ, ಆ ಜಿಲ್ಲೆಯು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ 1862ನೆಯ ವರ್ಷದ ಆಸುಪಾಸಿನಿಂದಲೇ ಚರಿತ್ರೆಯು ಮೊದಲಾಗಬೇಕಾಗುವುದು. ಅದಕ್ಕೆ ಹಿಂದಿನ ಕಾಲವೆಲ್ಲ ಅಂಧಕಾರವೆಂದು ತೋರುವುದು. ಆದರೆ ಈ ಕರಾವಳಿಯಲ್ಲಿ ವಿದ್ಯೆಯು ಹಾಜರಿಪಟ್ಟಿಯನ್ನೂ ಕಟ್ಟಡವನ್ನೂ ಆಶ್ರಯಿಸಿಕೊಂಡಿರಲಿಲ್ಲ. ಅದು ಕಂಠವನ್ನೂ ಕಿವಿಯನ್ನೂ ಹತ್ತು ಜನರ ಕೂಟವನ್ನೂ ಆಶ್ರಯಿಸಿತ್ತು. ಆ ಕೂಟಗಳಲ್ಲಿ ಕಲಿಕೆಯಾವುದು, ವಿನೋದವಾವುದು ಎಂದು ಗೆರೆಯೆಳೆದು ಬೇರ್ಪಡಿಸುವುದು ಅನೇಕ ವೇಳೆ ಸಾಧ್ಯವಿಲ್ಲ. ಅವುಗಳ ಕುರುಹುಗಳು ಎಲ್ಲೆಲ್ಲಿ ಉಳಿದಿರುವುವೆಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಮೊದಲನೆಯ ಕುರುಹು ಹದಿನಾಲ್ಕನೆಯ ಶತಮಾನದ್ದು. ಮೊರಾಕ್ಕೊ ದೇಶದ ಪ್ರವಾಸಿಯಾದ ಇಬ್ನ್ ಬತೂತನು ಕ್ರಿ. ಶ. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದನು. ಆಗ ಅಲ್ಲಿ ಜಮಾಲುದ್ದೀನನೆಂಬ ಮುಸಲ್ಮಾನ ಅರಸನು ಆಳುತ್ತಿದ್ದನು. ಅವನು ಹರ್ಯಬನೆಂಬ ಹಿಂದೂ ದೊರೆಗೆ ಅಧೀನನಾಗಿದ್ದನೆಂದು ಪ್ರವಾಸಿಯು ಹೇಳುವನು. ಈ ಹರ್ಯಬನು ವಿಜಯನಗರದ ಒಂದನೆಯ ಹರಿಹರನೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಪಟ್ಟಣದ ಜನರು ಶಾಫಿ ಪಂಥದವರೆಂದೂ, ಸಮುದ್ರ ವ್ಯಾಪಾರದಿಂದ ಜೀವಿಸುವರೆಂದೂ, ಅಲ್ಲಿಯ ಸ್ತ್ರೀಯರು ಕುರಾನನ್ನು ಕಂಠಪಾಠವಾಗಿ ಬಲ್ಲರೆಂದೂ ಅವನು ಬರೆದಿರುವನು. ಅದಕ್ಕಿಂತ ಮುಖ್ಯವಾದುದೆಂದರೆ, ಆ ಪಟ್ಟಣದಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಪಾಠಶಾಲೆಗಳನ್ನು ತಾನು ಕಂಡುದಾಗಿಯೂ, ಇಂತಹದನ್ನು ಮತ್ತೆಲ್ಲಿಯೂ ಕಾಣಲಿಲ್ಲವೆಂದೂ ಹೇಳಿರುವುದು.

ಈ ಸಂಖ್ಯೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಪ್ರವಾಸಗ್ರಂಥವು ಮುಗಿದುದು 1355ರಲ್ಲಿ, ಫೆಜ್ ನಗರದಲ್ಲಿ. ಅಲ್ಲಿ ಇಬ್ನ್ ಜುಝಯ್ ಎಂಬವನು ಇವನ ಮಾತುಗಳನ್ನು ಕೇಳಿ ಬರೆದುಕೊಂಡನು. ಹತ್ತು ಹನ್ನೆರಡು ವರ್ಷಗಳ ಮೇಲೆ ನೆನಪಿನಿಂದ ಹೇಳಿದ ಲೆಕ್ಕದಲ್ಲಿ ಒಂದೆರಡು ಹೆಚ್ಚುಕಡಮೆಯಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕವು ತಪ್ಪಬಹುದೇ ಹೊರತು ಬೆರಗು ತಪ್ಪಲಾರದು. ಮೆಕ್ಕಾ, ದಮಾಸ್ಕಸ್, ದಿಲ್ಲಿ ಮೊದಲಾದ ನಗರಗಳನ್ನು ನೋಡಿಬಂದವನು ಹೆಣ್ಣುಮಕ್ಕಳ ಶಾಲೆಗಳಿಗಾಗಿ ಶರಾವತಿಯ ಅಳಿವೆಯ ಈ ಚಿಕ್ಕ ರೇವುಪಟ್ಟಣವನ್ನು ಎತ್ತಿ ಹೇಳಬೇಕಾದರೆ, ಅಲ್ಲಿ ಅಸಾಧಾರಣವಾದ ಏನೋ ಒಂದನ್ನು ಅವನು ಕಂಡಿರಲೇಬೇಕು. ಅದು ಪಟ್ಟಣದ ಮುಸಲ್ಮಾನ ವರ್ತಕರ ಸಮಾಜವನ್ನು ಕುರಿತ ಮಾತೆಂಬುದನ್ನು ಮಾತ್ರ ಮರೆಯಬಾರದು. ಸೀಮೆಯ ಹೆಣ್ಣುಮಕ್ಕಳೆಲ್ಲರಿಗೂ ಅದನ್ನು ಅನ್ವಯಿಸುವುದು ಸಾಹಸವಾದೀತು. ಭಟ್ಕಳದ ನವಾಯತರು ಇಂದಿಗೂ ಶಾಫಿ ಪಂಥದವರೇ. ಅವರ ನಡುವೆ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯು ಹುಟ್ಟಿ ಆಧುನಿಕ ವಿದ್ಯಾಭ್ಯಾಸಕ್ಕೆ ತೊಡಗಿದುದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡುವುದು ಉಚಿತ.

ಎರಡನೆಯ ಕುರುಹು 1623ನೆಯ ವರ್ಷದ್ದು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ತುಗೀಜ ರಾಯಭಾರಿಯ ಸಂಗಡ ಹೊನ್ನಾವರದಿಂದ ಹೊಳೆಯ ಮಾರ್ಗವಾಗಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವನ್ನು ಹತ್ತಿದನು. ಘಟ್ಟದ ಮೇಲಿನ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ನೋಡಿದನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿದ್ದರು. ಒಬ್ಬನು ಒಂದೇ ಧಾಟಿಯ ರಾಗದಲ್ಲಿ ಪಾಠವನ್ನು ಹೇಳುತ್ತ ಅದನ್ನೇ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಮಿಕ್ಕವರು ಅದೇ ರಾಗದಲ್ಲಿ ಹೇಳುತ್ತ ಅದನ್ನೇ ಬರೆಯುವರು. ನೆಲವೆಲ್ಲ ತುಂಬಿದ ಮೇಲೆ ಅಳಿಸಿ, ಬೇಕಾದರೆ ಹೊಸ ಮರಳನ್ನು ಎರಚಿಕೊಂಡು ಮುಂದುವರಿಯುವರು. ಗುರುವಿಲ್ಲದಿರುವಾಗ ತಪ್ಪಿದರೆ ತಿದ್ದುವವರಾರೆಂದು ಪ್ರವಾಸಿಯು ಕೇಳಲು, ನಾಲ್ವರೂ ಒಂದೇ ಎಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದುವರು ಎಂದು ಹುಡುಗರು ಉತ್ತರವಿತ್ತರಂತೆ. ಪ್ರವಾಸಿಗೆ ಈ ಕ್ರಮವು ಸುಲಭವೂ ದೃಢವೂ ಆದುದಾಗಿ ತೋರಿತು.

ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿಯನ್ನು ರಾಗವಾಗಿ ಒಪ್ಪಿಸುವುದು, ಇವು ಗಾಂವಠಿ ಶಾಲೆಗಳಲ್ಲಿಯೂ ಐಗಳ ಮಠಗಳಲ್ಲಿಯೂ ಬಹುಕಾಲ ನಡೆದುಬಂದ ಸಂಗತಿಗಳೇ. ಆದುದರಿಂದ ಮರಳಿಗಿಂತಲೂ ಆ ಹುಡುಗರ ಉತ್ತರವೇ ನಮಗೆ ಮುಖ್ಯ. ತಪ್ಪನ್ನು ತಿದ್ದುವ ಅಧಿಕಾರವು ಗುರುವಿನ ಬೆತ್ತದಲ್ಲಿಲ್ಲ, ಕೂಟದಲ್ಲಿದೆ ಎಂಬುದೇ ಅದರ ತಾತ್ಪರ್ಯ. ಕುಮಟಾ ತಾಲೂಕಿನ ಗೋಕರ್ಣದ ವೈದಿಕರ ಮನೆಗಳಲ್ಲಿ ನಡೆದುಬಂದ ವೇದಾಧ್ಯಯನವೂ ಇದೇ ತತ್ತ್ವವನ್ನು ಆಧರಿಸಿದುದು. ಪದ, ಕ್ರಮ, ಜಟೆ, ಘನಗಳೆಂಬ ಪಾಠಭೇದಗಳಲ್ಲಿ ಒಂದೇ ಮಂತ್ರದ ಶಬ್ದಗಳನ್ನು ಹಿಂದುಮುಂದಾಗಿ ಹೆಣೆದು ಹೇಳುವಾಗ, ಜತೆಯವನ ಕಿವಿಗೆ ಬೀಳದೆ ಸ್ವರವು ಜಾರಿಹೋಗುವಂತಿಲ್ಲ. ಹೊನ್ನಾವರದ ಸ್ತ್ರೀಯರ ಕುರಾನು, ಘಟ್ಟದ ಬಾಲಕರ ಲೆಕ್ಕ, ಗೋಕರ್ಣದ ವೇದ, ಈ ಮೂರರಲ್ಲಿ ಮತವೂ ವಿಷಯವೂ ಬೇರೆಯಾದರೂ ಕಲಿಕೆಯ ಬಗೆಯು ಒಂದೇ ಆಗಿರುವುದು ಗಮನಾರ್ಹ.

ಬರೆಹದ ಪಾಂಡಿತ್ಯವು ಇಲ್ಲಿ ಇರಲಿಲ್ಲವೆಂದು ಇದರಿಂದ ಊಹಿಸಬಾರದು. ಈಗ ಭಟ್ಕಳ ತಾಲೂಕಿಗೆ ಸೇರಿರುವ ಹಾಡುವಳ್ಳಿಗೆ ಸಂಸ್ಕೃತದಲ್ಲಿ ಸಂಗೀತಪುರವೆಂದು ಹೆಸರು. ಕನ್ನಡಕ್ಕೆ 592 ಸಂಸ್ಕೃತ ಸೂತ್ರಗಳುಳ್ಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು 1604ರಲ್ಲಿ ರಚಿಸಿದ ಭಟ್ಟಾಕಳಂಕನು ಅಲ್ಲಿಯ ಜೈನಮಠದ ಅಕಲಂಕದೇವನ ಶಿಷ್ಯನೆಂದು ಪಂಡಿತರು ನಿರ್ಣಯಿಸಿರುವರು. ಸೂತ್ರವೆಂಬುದಾದರೂ ಕಂಠಪಾಠಕ್ಕಾಗಿಯೇ ಹುಟ್ಟಿದ ರಚನೆಯಷ್ಟೆ.

ಇನ್ನು ಅಕ್ಷರವನ್ನೇ ಅರಿಯದ ಬಹುಜನರ ಸಂಗತಿಯನ್ನು ನೋಡಬೇಕು. ಇವರಿಗೆ ಪುರಾಣಜ್ಞಾನವೂ ಭಾಷಾಪ್ರಯೋಗವೂ ನ್ಯಾಯಾನ್ಯಾಯ ವಿವೇಚನೆಯೂ ದೊರೆತುದು ಯಕ್ಷಗಾನದಿಂದ ಮತ್ತು ತಾಳಮದ್ದಳೆಯಿಂದ. ಮಳೆಗಾಲದಲ್ಲಿ ಬಯಲಾಟಗಳು ನಿಂತಿರುವಾಗ ಮನೆಯ ಜಗಲಿಯಲ್ಲಿ ತಾಳಮದ್ದಳೆ ಕೂಡುವುದು. ವೇಷವಿಲ್ಲ, ಕುಣಿತವಿಲ್ಲ, ಭಾಗವತನು ಪದ್ಯವನ್ನು ಹಾಡಿದೊಡನೆ ಅರ್ಥಧಾರಿಯು ತಾನು ವಹಿಸಿದ ಪಾತ್ರದ ಮಾತನ್ನು ಆ ಕ್ಷಣಕ್ಕೆ ಕಲ್ಪಿಸಿ ಹೇಳಬೇಕು, ಎದುರಾಳಿಯ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕು. ಮುದುಕರೂ ಮಕ್ಕಳೂ ಒಂದೇ ಚಾಪೆಯಲ್ಲಿ ಕುಳಿತು ಕೇಳುವರು. ಕರ್ಣನು ಸೇನಾಧಿಪತ್ಯವನ್ನು ವಹಿಸಿದುದು ಸರಿಯೋ, ವಾಲಿಯನ್ನು ಮರೆಯಿಂದ ಕೊಂದುದು ಧರ್ಮವೋ ಎಂಬ ಚರ್ಚೆಯು ಮರುದಿನ ತೋಟದ ಕೆಲಸದ ನಡುವೆಯೂ ನಡೆಯುವುದು. ವಯಸ್ಕರ ಶಿಕ್ಷಣವೆಂಬ ಹೆಸರು ಹುಟ್ಟುವುದಕ್ಕೆ ಬಹು ಮುಂಚೆಯೇ ಅದರ ಸಾರವು ಇಲ್ಲಿ ಇದ್ದಿತು.

ಆಟದ ಮೇಳವಂತೂ ಒಂದು ಸಂಚಾರಿ ಶಾಲೆಯೇ ಆಗಿದ್ದಿತು. ಪೂರ್ವರಂಗದ ಕ್ರಮವನ್ನು ಪರಿಶೀಲಿಸಿದರೆ ಈ ಸಂಗತಿಯು ಸ್ಪಷ್ಟವಾಗುವುದು. ಕತೆಯು ಆರಂಭವಾಗುವುದಕ್ಕೆ ಮೊದಲು ಕೋಡಂಗಿಗಳೂ ಅನಂತರ ಬಾಲಗೋಪಾಲರೂ ಆಮೇಲೆ ಸ್ತ್ರೀವೇಷಗಳೂ ಬಂದು ಕುಣಿಯುವುವು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನು ಕೋಡಂಗಿಯಾಗಿ ರಂಗಸ್ಥಳವನ್ನು ಹೊಕ್ಕು ಸಭಾಕಂಪವನ್ನು ಕಳೆದುಕೊಳ್ಳುವನು. ಅಲ್ಲಿ ಹೆಜ್ಜೆ ತಪ್ಪಿದರೂ ಅದು ಹಾಸ್ಯವೆನಿಸಿಕೊಳ್ಳುವುದರಿಂದ ಅವನಿಗೆ ಅಪಮಾನವಿಲ್ಲ. ಬಾಲಗೋಪಾಲನಾದಾಗ ತಾಳಗಳೂ ಹೆಜ್ಜೆಗಳೂ ಶಾಸ್ತ್ರಬದ್ಧವಾಗುವುವು. ಸ್ತ್ರೀವೇಷದಲ್ಲಿ ಅಭಿನಯವನ್ನೂ, ಮುಂದೆ ಪುರುಷವೇಷಗಳಲ್ಲಿ ಮಾತನ್ನೂ ಕಲಿಯುವನು. ಉಳಿದ ರಾತ್ರಿಯಲ್ಲಿ ಹಿರಿಯರ ಆಟವನ್ನು ಚೌಕಿಯ ಬಾಗಿಲಿನಿಂದ ನೋಡುವುದೇ ಅವನ ಪಾಠ. ಪೂರ್ವರಂಗವನ್ನು ದೇವತಾಸ್ತುತಿಯೆಂದೂ ಕಾಲಹರಣವೆಂದೂ ವರ್ಣಿಸುವವರುಂಟು. ಅದು ಮಕ್ಕಳ ತರಗತಿಯೂ ಆಗಿದ್ದಿತೆಂಬುದನ್ನು ಅವರು ಗಮನಿಸಿದಂತೆ ಕಾಣುವುದಿಲ್ಲ.

ಈ ಶಾಲೆಯ ಫಲವು ಅಲ್ಪವಾದುದಲ್ಲ. ವಿಷ್ಣುದಾಸ ಭಾವೆಯು 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದುದಕ್ಕೆ, ಈ ಕಡೆಯಿಂದ ಹೋದ ಭಾಗವತರ ಮೇಳದ ಆಟವೇ ಪ್ರೇರಣೆಯೆಂಬುದು ಪ್ರಸಿದ್ಧ, ಅದು ಹೊನ್ನಾವರದ ಬಳಿಯ ಕರ್ಕಿಯ ಮೇಳವೆಂದು ಹೇಳುವರು. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಶಾಲೆಯನ್ನು ಬಾಲ್ಯದಲ್ಲಿಯೇ ಬಿಟ್ಟು ಆಟಕ್ಕೆ ಸೇರಿದವರು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಹಾಜರಿಪಟ್ಟಿಯ ಲೆಕ್ಕದಲ್ಲಿ ಅವರು ಶಾಲೆ ಬಿಟ್ಟವರ ಸಾಲಿಗೆ ಸೇರುವರು.

ಕಾಲವು ಬದಲಾದಂತೆ ಆಟದ ಅವಧಿಯು ಮೊಟಕಾಯಿತು. ಟಿಕೆಟ್ಟು ಕೊಂಡು ಬಂದ ಪ್ರೇಕ್ಷಕನು ಕತೆಯನ್ನು ಬೇಗನೆ ಬಯಸುವನು; ಆದುದರಿಂದ ಮೊದಲು ಕತ್ತರಿಗೆ ಸಿಕ್ಕಿದುದು ಪೂರ್ವರಂಗವೇ. ಕೋಡಂಗಿಯೂ ಬಾಲಗೋಪಾಲನೂ ರಂಗದಿಂದ ಮರೆಯಾದಂತೆಲ್ಲ ಹುಡುಗರು ಏರಿಬರುವ ಮೆಟ್ಟಿಲುಗಳೂ ಮರೆಯಾದುವು. ಕಲೆಯು ಕೆಟ್ಟಿತೆಂದು ಹಳಹಳಿಸುವವರು ಈ ಕಾರಣವನ್ನು ಹೇಳದೆ ಸಿನಿಮಾವನ್ನು ದೂರುವರು. ನಮ್ಮ ಅಭಿಪ್ರಾಯದಲ್ಲಿ ಶಾಲೆಯು ಮುಚ್ಚಿಹೋದುದೇ ಹೆಚ್ಚಿನ ಹಾನಿ.

ಈ ಹಾನಿಯನ್ನು ತುಂಬಲು ನಡೆದ ಯತ್ನವೂ ಇದೇ ಸೀಮೆಯದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಪುತ್ರರಾದ ಶಂಭು ಹೆಗಡೆಯವರು 1986ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ತೆರೆದು, ವಿದ್ಯಾರ್ಥಿಗಳು ಅಲ್ಲಿಯೇ ವಾಸಿಸಿ ಗುರುಕುಲದ ರೀತಿಯಲ್ಲಿ ಕಲಿಯುವ ಏರ್ಪಾಡು ಮಾಡಿದರು. ಮೇಳದಲ್ಲಿ ನೋಡುತ್ತ ನೋಡುತ್ತ ಹತ್ತು ವರ್ಷಗಳಲ್ಲಿ ಒದಗುತ್ತಿದ್ದುದನ್ನು ಇಲ್ಲಿ ಪಾಠಗಳನ್ನಾಗಿ ವಿಂಗಡಿಸಿ, ಬಾಯಿತಾಳ, ಹೆಜ್ಜೆ, ಅಭಿನಯ, ಮಾತುಗಳನ್ನು ಕ್ರಮವಾಗಿ ಹೇಳಿಕೊಡಬೇಕಾಯಿತು. ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷಧರಿಸಿ ಆಡುತ್ತಿರುವಾಗಲೇ ಅಸ್ವಸ್ಥರಾಗಿ ತೀರಿಕೊಂಡ ಮೇಲೆಯೂ ಕೇಂದ್ರವು ಮುಂದುವರಿದು ಬಂದಿರುವುದು.

ಕೋಡಂಗಿವೇಷದಿಂದ ಮೊದಲುಗೊಂಡು ಮೇಳದಲ್ಲಿಯೇ ಬೆಳೆದ ಹಿರಿಯರು ಈ ತಾಲೂಕುಗಳ ಹಳ್ಳಿಗಳಲ್ಲಿ ಇನ್ನೂ ಕೆಲವರಿರುವರು. ಯಾವ ವಯಸ್ಸಿನಲ್ಲಿ, ಯಾರ ಬಳಿಯಲ್ಲಿ, ಯಾವ ಕ್ರಮದಿಂದ ಕಲಿತರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸವನ್ನು ಅಲ್ಲಿಯ ಕನ್ನಡ ಅಧ್ಯಾಪಕರು ಕೈಕೊಂಡರೆ, ದೆಲ್ಲಾ ವಾಲ್ಲೆಯು ಒಂದು ಪುಟದಲ್ಲಿ ಬಿಟ್ಟುಹೋದುದಕ್ಕಿಂತ ಹೆಚ್ಚಿನ ಸಾಮಗ್ರಿಯು ನಮಗೆ ದೊರೆಯುವುದು.