ಹೊಡೆದುಹಾಕಿದ ಸಾಲುಗಳು: ಅಮೆರಿಕದ ಮಕ್ಕಳ ಮುಂದೆ ಮೂಲದಾಖಲೆಗಳು

ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಥಾಮಸ್ ಜೆಫರ್‌ಸನ್ 1776ರ ಜೂನ್ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ರಚಿಸಿದನು. ನಾಲ್ಕು ಪುಟಗಳ ಆ ಹಸ್ತಪ್ರತಿ ಈಗ ವಾಷಿಂಗ್‌ಟನ್ ನಗರದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದರ ತುಂಬ ಹೊಡೆದುಹಾಕಿದ ಸಾಲುಗಳು, ಸಾಲುಗಳ ನಡುವೆ ಸೇರಿಸಿದ ಪದಗಳು, ಜಾನ್ ಆಡಮ್ಸ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ ತಿದ್ದುಪಡಿಗಳು. ಒಂದೆಡೆ ಜೆಫರ್‌ಸನ್ ಶಾಯಿ ಆರುವ ಮುನ್ನವೇ ಒಂದು ಪದವನ್ನು ಒರೆಸಿ, ಅದರ ಮೇಲೆಯೇ ‘ಪೌರರು’ ಎಂಬರ್ಥದ ಪದವನ್ನು ಬರೆದಿದ್ದಾನೆ. ಅಡಿಯಲ್ಲಿದ್ದ ಪದವನ್ನು ಬಹುಕಾಲ ಯಾರಿಗೂ ಓದಲಾಗಿರಲಿಲ್ಲ. ಬೇರೆ ಬೇರೆ ತರಂಗಾಂತರದ ಬೆಳಕಿನಲ್ಲಿ ಪುಟದ ಚಿತ್ರಗಳನ್ನು ತೆಗೆದು ಪರೀಕ್ಷಿಸಿದ ಗ್ರಂಥಾಲಯದ ಸಂರಕ್ಷಣಾ ವಿಭಾಗದವರು, ಒರೆಸಿದ ಪದ ದೊರೆಯ ಅಧೀನರಾದ ‘ಪ್ರಜೆಗಳು’ ಎಂಬುದಾಗಿತ್ತೆಂದು 2010ರಲ್ಲಿ ಪ್ರಕಟಿಸಿದರು.

ಕನ್ನಡದಲ್ಲಿ ‘ಪ್ರಜೆ’ ಎಂಬ ಒಂದೇ ಪದ ಅರಸನ ಪ್ರಜೆಯನ್ನೂ ಪ್ರಜಾಪ್ರಭುತ್ವದ ಪ್ರಜೆಯನ್ನೂ ಸೂಚಿಸುತ್ತದೆ. ಹಾಗಾಗಿ ಅನುವಾದಕನು ಎಚ್ಚರ ತಪ್ಪಿದರೆ ಈ ತಿದ್ದುಪಡಿಯೇ ಕಾಣೆಯಾಗುತ್ತದೆ. ಇಂಗ್ಲಿಷಿನಲ್ಲಿ ಅವು ಎರಡು ಬೇರೆ ಪದಗಳು. ಒಂದನ್ನು ಒರೆಸಿ ಇನ್ನೊಂದನ್ನು ಬರೆದ ಆ ಗಳಿಗೆಯಲ್ಲಿ, ತಾನು ಬ್ರಿಟಿಷ್ ದೊರೆಯ ಅಧೀನನೆಂದು ರೂಢಿಯಿಂದ ಬರೆಯಹೊರಟ ಕೈ ನಡುದಾರಿಯಲ್ಲಿ ತಡೆದು ನಿಂತಿದೆ. ಹಿಂದೆ ಈ ಪುಟವನ್ನು ಕಾಣುವ ಅವಕಾಶವಿದ್ದದ್ದು ಬೆರಳೆಣಿಕೆಯ ಸಂಶೋಧಕರಿಗೆ ಮಾತ್ರ. ಈಗ ಯಾವುದೇ ಊರಿನ ಶಾಲೆಯ ಮಗು ಗಣಕದ ಪರದೆಯ ಮೇಲೆ ಅದನ್ನು ಹಿಗ್ಗಿಸಿ, ಆ ಕಲೆಯನ್ನು ಬೆರಳಿಟ್ಟು ತೋರಿಸಬಲ್ಲದು. ಇತಿಹಾಸದ ಬೋಧನೆಯಲ್ಲಿ ಇದು ಸಣ್ಣ ಬದಲಾವಣೆಯೇನಲ್ಲ. ಪಠ್ಯಪುಸ್ತಕವು ಘೋಷಣೆಯ ಶುದ್ಧಪಾಠವನ್ನು ಕೊಡುತ್ತದೆ. ಹಸ್ತಪ್ರತಿಯು ಆ ಪಾಠ ರೂಪುಗೊಂಡ ಬಗೆಯನ್ನು ಕೊಡುತ್ತದೆ. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ಅಂತರವನ್ನು ವಿವರಿಸಬೇಕಾಗಿಲ್ಲ.

ಈ ಸೌಲಭ್ಯದ ಹಿಂದೆ ಮೂರು ದಶಕಗಳಿಗೂ ಮೀರಿದ ಪ್ರಯತ್ನವಿದೆ. ಲೈಬ್ರರಿ ಆಫ್ ಕಾಂಗ್ರೆಸ್ 1990ರಿಂದ 1994ರವರೆಗೆ ‘ಅಮೆರಿಕನ್ ಮೆಮೊರಿ’ ಎಂಬ ಪ್ರಾಯೋಗಿಕ ಯೋಜನೆಯನ್ನು ನಡೆಸಿ, ತನ್ನ ಸಂಗ್ರಹದ ಆಯ್ದ ದಾಖಲೆಗಳನ್ನು ಸಿ.ಡಿ.ಗಳ ರೂಪದಲ್ಲಿ 44 ಶಾಲೆ ಹಾಗೂ ಗ್ರಂಥಾಲಯಗಳಿಗೆ ಕಳುಹಿಸಿತು. ಅದನ್ನು ಹೆಚ್ಚಿನ ಉತ್ಸಾಹದಿಂದ ಬರಮಾಡಿಕೊಂಡವರು ಮಾಧ್ಯಮಿಕ ಮತ್ತು ಪ್ರೌಢಶಾಲೆಗಳ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು. ಅದೇ ವೇಳೆಗೆ ಅಂತರಜಾಲ ಹರಡತೊಡಗಿತ್ತು; ಸಿ.ಡಿ.ಗಳ ಗೊಡವೆ ತಪ್ಪಿತು. ಮುಂದೆ ನ್ಯಾಷನಲ್ ಆರ್ಕೈವ್ಸ್ ಸಂಸ್ಥೆಯೂ ಅಧ್ಯಾಪಕರಿಗಾಗಿ ‘ಡಾಕ್ಸ್‌ಟೀಚ್’ ಎಂಬ ತಾಣವನ್ನು ತೆರೆಯಿತು. 2013ರಲ್ಲಿ ವಾಷಿಂಗ್‌ಟನ್, ಫ್ರಾಂಕ್ಲಿನ್, ಆಡಮ್ಸ್, ಜೆಫರ್‌ಸನ್, ಹ್ಯಾಮಿಲ್ಟನ್, ಮ್ಯಾಡಿಸನ್ ಇವರ ಪತ್ರಗಳನ್ನೂ ಬರಹಗಳನ್ನೂ ‘ಫೌಂಡರ್ಸ್ ಆನ್‌ಲೈನ್’ ಹೆಸರಿನಲ್ಲಿ ಒಂದೆಡೆ ತಂದಿತು.

ಸರ್ಕಾರದ ಸ್ವರೂಪವನ್ನು ಕಲಿಸುವ ತಾಣಗಳ ಬಗೆ ಬೇರೆ. ಅಮೆರಿಕ ಸರ್ಕಾರದ ಮುದ್ರಣಾಲಯವು ಮಕ್ಕಳಿಗಾಗಿ ನಡೆಸುವ ‘ಬೆನ್ಸ್ ಗೈಡ್’ ತಾಣಕ್ಕೆ ಫ್ರಾಂಕ್ಲಿನ್ನನ ಹೆಸರಿಟ್ಟಿರುವುದು ಉಚಿತವಾಗಿದೆ. ಅವನು ವೃತ್ತಿಯಿಂದ ಮುದ್ರಕ. ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿದ ಮೂರು ಹಂತಗಳಿಗೂ ಹಳೆಯ ಅಚ್ಚುಕೂಟದ ಕಲಿಕೆಯ ಹೆಸರುಗಳೇ ಇವೆ: ಕೆಲಸ ಕಲಿಯುವವನು, ಕಲಿತು ಕೂಲಿಗೆ ದುಡಿಯುವವನು, ಕೊನೆಗೆ ಯಜಮಾನ. ಇದಕ್ಕಿಂತ ವ್ಯಾಪಕವಾಗಿ ಬಳಕೆಯಾಗುತ್ತಿರುವುದು ‘ಐಸಿವಿಕ್ಸ್’. ಸರ್ವೋಚ್ಚ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರು ನಿವೃತ್ತರಾದ ಮೇಲೆ 2009ರಲ್ಲಿ ಆರಂಭಿಸಿದ ಕಾರ್ಯವಿದು. ಶಾಲೆಗಳಲ್ಲಿ ಪೌರನೀತಿಯ ಬೋಧನೆ ಸೊರಗುತ್ತಿದೆ, ನ್ಯಾಯಾಂಗದ ಸ್ವಾತಂತ್ರ್ಯವೆಂದರೇನೆಂದು ಜನಕ್ಕೆ ತಿಳಿಯದಂತಾಗಿದೆ ಎಂಬ ಕಳವಳ ಅವರದಾಗಿತ್ತು. ಇಲ್ಲಿನ ಒಂದು ಆಟದಲ್ಲಿ ಮಗು ವಕೀಲರ ಕಚೇರಿಯೊಂದನ್ನು ನಡೆಸುತ್ತದೆ. ಕಕ್ಷಿದಾರರು ಬಂದು ದೂರು ಹೇಳುತ್ತಾರೆ; ಆ ದೂರಿಗೆ ಸಂವಿಧಾನದ ಯಾವ ತಿದ್ದುಪಡಿ ಆಸರೆಯಾಗುತ್ತದೆ ಎಂಬುದನ್ನು ಮಗು ಕಂಡುಹಿಡಿಯಬೇಕು. ಉರುಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆಟದಲ್ಲಿ ನಿಯಮಗಳು ಸರಿಯಾಗಿಯೇ ನಡೆಯುತ್ತವೆ. ಹಕ್ಕು ಇದ್ದವನಿಗೆ ಹಕ್ಕು ದೊರೆಯುತ್ತದೆ. ಅಮೆರಿಕದ ಇತಿಹಾಸ ಹಾಗೆ ನಡೆದುಬಂದಿಲ್ಲ. ಯಂತ್ರವನ್ನು ತೋರಿಸುವ ಆಟದ ಜೊತೆಯಲ್ಲಿ, ಆ ಯಂತ್ರ ಯಾರನ್ನು ಹೊರಗಿಟ್ಟಿತ್ತು ಎಂಬುದನ್ನು ಹೇಳುವ ದಾಖಲೆಗಳೂ ಮಗುವಿನ ಕೈಗೆ ಬರಬೇಕಾಗುತ್ತದೆ.

ಹೊರಗಿಟ್ಟದ್ದರ ಗುರುತು ಜೆಫರ್‌ಸನ್ನನ ಕರಡಿನಲ್ಲಿಯೇ ಇದೆ. ಗುಲಾಮರ ವ್ಯಾಪಾರಕ್ಕಾಗಿ ಇಂಗ್ಲೆಂಡಿನ ದೊರೆಯನ್ನು ಕಟುವಾಗಿ ಖಂಡಿಸುವ ದೀರ್ಘ ವಾಕ್ಯವೃಂದವೊಂದು ಅದರಲ್ಲಿತ್ತು. ಕಾಂಗ್ರೆಸ್ ಅದನ್ನು ತೆಗೆದುಹಾಕಿತು. ಅದನ್ನು ಬರೆದವನೇ ತನ್ನ ಜೀವಿತದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದನು. ಈ ಎರಡೂ ಸಂಗತಿಗಳನ್ನು ಮಗುವಿನ ಮುಂದೆ ಒಟ್ಟಿಗೆ ಇಡಬೇಕೋ, ಒಂದನ್ನು ಮುಂದಿನ ತರಗತಿಗೆ ಉಳಿಸಬೇಕೋ ಎಂಬುದು ಅಮೆರಿಕದ ಶಾಲೆಗಳಲ್ಲಿ ಇಂದಿಗೂ ಬಗೆಹರಿಯದ ವಿವಾದ. ಎರಡನ್ನೂ ಒಟ್ಟಿಗೆ ಇಡುವುದೇ ಸರಿಯೆನ್ನಬೇಕು. ಅಳಿಸಿದ ಸಾಲನ್ನು ಕಂಡ ಮಗು ‘ಯಾಕೆ ಅಳಿಸಿದರು?’ ಎಂದು ಕೇಳಿಯೇ ಕೇಳುತ್ತದೆ. ಉತ್ತರವನ್ನು ಮುಂದೂಡಿದರೆ ಪ್ರಶ್ನೆಯೇನೂ ಮುಂದಕ್ಕೆ ಹೋಗುವುದಿಲ್ಲ.

ಸಂವಿಧಾನದ ವಿಷಯದಲ್ಲಿ ಇನ್ನೂ ಸರಳವಾದ ಒಂದು ಅಭ್ಯಾಸವನ್ನು ಮಾಡಿಸಬಹುದು. 1787ರ ಸೆಪ್ಟೆಂಬರ್ 17ರಂದು ಸಹಿಯಾದ ಮೂಲಪಾಠವನ್ನು ಪರದೆಯ ಮೇಲೆ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ‘ಗುಲಾಮ’ ಎಂಬುದಕ್ಕೆ ಸಮನಾದ ಇಂಗ್ಲಿಷ್ ಪದವನ್ನು ಹಾಕಲು ಮಗುವಿಗೆ ಹೇಳಬೇಕು. ಪದ ಸಿಗುವುದಿಲ್ಲ. ಆದರೆ ಪ್ರತಿನಿಧಿಗಳ ಸಂಖ್ಯೆಯನ್ನು ನಿಗದಿಪಡಿಸುವಾಗ ಸ್ವತಂತ್ರರಲ್ಲದ ‘ಇತರ ವ್ಯಕ್ತಿ’ಗಳ ಐದನೇ ಮೂರು ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂಬ ವಿಧಿ ಅಲ್ಲಿದೆ. 1808ಕ್ಕೆ ಮುನ್ನ ಇಂತಹ ವ್ಯಕ್ತಿಗಳನ್ನು ದೇಶದೊಳಕ್ಕೆ ತರುವುದನ್ನು ಕಾಂಗ್ರೆಸ್ ನಿಷೇಧಿಸುವಂತಿಲ್ಲ ಎಂಬ ವಿಧಿಯೂ ಇದೆ. ಗುಲಾಮಗಿರಿಯು ತನ್ನ ನಿಜನಾಮದಿಂದ ಸಂವಿಧಾನವನ್ನು ಪ್ರವೇಶಿಸಿದ್ದು 1865ರ ಹದಿಮೂರನೆಯ ತಿದ್ದುಪಡಿಯಲ್ಲಿ, ಅದೂ ನಿಷೇಧಕ್ಕೊಳಗಾಗುವುದಕ್ಕಾಗಿ. ಹುಡುಕಿದ ಪದ ದೊರೆಯದೆ ಹೋದದ್ದರಿಂದಲೇ ಮಗುವಿಗೆ ಇಷ್ಟು ಚರಿತ್ರೆ ತಿಳಿಯುತ್ತದೆ.

ಆ ‘ಇತರ ವ್ಯಕ್ತಿ’ಗಳ ಮಾತನ್ನು ಕೇಳಬೇಕಾದರೆ 1936ರಿಂದ 1938ರವರೆಗೆ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಸಂಗ್ರಹಿಸಿದ 2,300ಕ್ಕೂ ಹೆಚ್ಚು ಕಥನಗಳನ್ನು ತೆರೆಯಬೇಕು. ಹುಟ್ಟಿನಿಂದ ಗುಲಾಮರಾಗಿದ್ದು, ಬಾಲ್ಯದಲ್ಲಿ ಬಿಡುಗಡೆ ಕಂಡ ಮುದುಕ ಮುದುಕಿಯರ ನೆನಪುಗಳಿವು. ಜೊತೆಗೆ ಅವರ ಭಾವಚಿತ್ರಗಳೂ ಇವೆ. ಇಲ್ಲಿ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ. ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರು ಬಿಳಿಯರು. ಸ್ಥಳವೋ ಬಹುಮಟ್ಟಿಗೆ ಜನಾಂಗಭೇದವೇ ಕಾನೂನಾಗಿದ್ದ ದಕ್ಷಿಣದ ರಾಜ್ಯಗಳು. ಕಾಲವೋ ತೀವ್ರ ಆರ್ಥಿಕ ಕುಸಿತದ್ದು. ಹಳೆಯ ಯಜಮಾನನು ಒಳ್ಳೆಯವನಾಗಿದ್ದನೆಂದು ಹಸಿದ ಮುದುಕನೊಬ್ಬ ಹೇಳಿದರೆ, ಆ ಮಾತನ್ನು ಯಾರೆದುರಿಗೆ ಹೇಳಿದನೆಂಬುದನ್ನು ಗಮನಿಸದೆ ಒಪ್ಪಲಾಗದು. ಮಾತಿನ ಧಾಟಿಯನ್ನು ಬರಹಕ್ಕಿಳಿಸಿದ ಕ್ರಮದಲ್ಲಿಯೂ ಬರೆದುಕೊಂಡವರ ಪೂರ್ವಗ್ರಹ ಬೆರೆತಿದೆ. ಜಾನಪದ ಸಂಗ್ರಹಕಾರ್ಯ ಮಾಡಿದವರಿಗೆ ಈ ತೊಡಕು ಹೊಸದಲ್ಲ. ವಿಮರ್ಶೆಯಿಲ್ಲದೆ ದೊರೆಯುವ ಮೂಲದಾಖಲೆಯು ಪಠ್ಯಪುಸ್ತಕಕ್ಕಿಂತ ಹೆಚ್ಚು ದಾರಿತಪ್ಪಿಸಬಲ್ಲದು ಎಂಬುದಕ್ಕೆ ಈ ಸಂಗ್ರಹಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡ ಮನೆತನಗಳ ಮಕ್ಕಳಿಗೂ ಈ ದಾಖಲೆಗಳಲ್ಲಿ ಒಂದು ಪಾಲಿದೆ. ಪಂಜಾಬಿನಲ್ಲಿ ಹುಟ್ಟಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಭಗತ್ ಸಿಂಗ್ ಥಿಂಡ್‌ಗೆ ಪೌರತ್ವ ಸಲ್ಲದೆಂದು 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಅವನು ‘ಬಿಳಿಯ’ನಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಅದಾಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಳ್ಳುವ ಕ್ರಮಗಳು ನಡೆದವು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಕಾಯಿದೆಯಿಂದ. ವರ್ಷಕ್ಕೆ 100 ಜನರ ವಲಸೆಗೆ ಮಾತ್ರ ಅದು ಅವಕಾಶ ಕೊಟ್ಟಿತು. 1965ರ ವಲಸೆ ಕಾಯಿದೆ ಬಾರದಿದ್ದರೆ ಇಂದು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕನ್ನಡ ಕೂಟಗಳು ಈ ಪ್ರಮಾಣದಲ್ಲಿ ಇರುತ್ತಿರಲಿಲ್ಲ. ಥಿಂಡ್ ಪ್ರಕರಣದ ತೀರ್ಪು ಅಂತರಜಾಲದಲ್ಲಿದೆ. 2008ರಲ್ಲಿ ಸ್ಥಾಪನೆಯಾದ ದಕ್ಷಿಣ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಇಂತಹ ಪತ್ರಗಳನ್ನೂ ಛಾಯಾಚಿತ್ರಗಳನ್ನೂ ಸಂಗ್ರಹಿಸಿ ಎಲ್ಲರಿಗೂ ತೆರೆದಿಟ್ಟಿದೆ. ತಂದೆತಾಯಿಗಳು ಮಗುವಿನ ಪಕ್ಕದಲ್ಲಿ ಕುಳಿತು ಓದಬೇಕಾದ ದಾಖಲೆಗಳಿವು; ಅನೇಕ ವೇಳೆ ಅವರಿಗೂ ಈ ಇತಿಹಾಸ ಹೊಸದಾಗಿರುತ್ತದೆ.

ಓದುವುದಕ್ಕೆ ಇನ್ನೊಂದು ಅಡ್ಡಿಯೂ ಇದೆ. ಅಕ್ಷರಗಳನ್ನು ಕೂಡಿಸಿ ಬರೆಯುವ ಕರ್ಸಿವ್ ಬರಹವನ್ನು ಕಲಿಸುವುದನ್ನು ಅಮೆರಿಕದ ಎಷ್ಟೋ ಶಾಲೆಗಳು ಕೈಬಿಟ್ಟವು. ಅನೇಕ ರಾಜ್ಯಗಳು 2010ರಿಂದೀಚೆಗೆ ಅಳವಡಿಸಿಕೊಂಡ ಸಾಮಾನ್ಯ ಪಠ್ಯಮಾನಕದಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಹೀಗಾಗಿ 1776ರ ಮಾರ್ಚ್ 31ರಂದು ಅಬಿಗೈಲ್ ಆಡಮ್ಸ್ ತನ್ನ ಪತಿಗೆ ಬರೆದ ಪತ್ರ ಪರದೆಯ ಮೇಲೆ ಕಣ್ಣೆದುರಿಗಿದ್ದರೂ ಮಗು ಅದನ್ನು ಓದಲಾರದು. ಹೊಸ ಕಾನೂನುಗಳನ್ನು ರಚಿಸುವಾಗ ಹೆಂಗಸರನ್ನು ಮರೆಯಬೇಡಿರೆಂದು ಆಕೆ ಕೇಳಿಕೊಂಡ ಪತ್ರವದು. ಜಾನ್ ಆಡಮ್ಸ್ ನಗೆಯಾಡಿ ಉತ್ತರಿಸಿದನು. ಮತದ ಹಕ್ಕು ಸಂವಿಧಾನಕ್ಕೆ ಸೇರಲು 1920 ಬರಬೇಕಾಯಿತು. ಮೋಡಿ ಬರಹದ ಕಡತಗಳ ಮುಂದೆ ನಮ್ಮ ಸಂಶೋಧನ ವಿದ್ಯಾರ್ಥಿಗಳು ಅನುಭವಿಸುವ ಸಂಕಟವೇ ಇದು. ಕ್ಯಾಲಿಫೋರ್ನಿಯಾ 2024ರಿಂದ ಕರ್ಸಿವ್ ಬೋಧನೆಯನ್ನು ಮತ್ತೆ ಕಡ್ಡಾಯಗೊಳಿಸಿದೆ. ನ್ಯಾಷನಲ್ ಆರ್ಕೈವ್ಸ್ ತನ್ನ ಹಳೆಯ ಕೈಬರಹಗಳನ್ನು ಓದಿ ಟೈಪು ಮಾಡಿಕೊಡಲು ಸ್ವಯಂಸೇವಕರನ್ನು ಆಹ್ವಾನಿಸುತ್ತಿದೆ.

ಅಂತರಜಾಲದ ಪಾಠವು ಸ್ಥಿರವೆಂಬ ನಂಬಿಕೆಯೂ ಸಲ್ಲದು. 2025ರ ಆಗಸ್ಟ್ ತಿಂಗಳಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಟೀಕ ಸಂವಿಧಾನದ ತಾಣದಲ್ಲಿ ಮೊದಲನೆಯ ಅನುಚ್ಛೇದದ ಎಂಟನೆಯ ಪ್ರಕರಣದ ಒಂದು ಭಾಗವೂ ಒಂಬತ್ತು, ಹತ್ತನೆಯ ಪ್ರಕರಣಗಳೂ ಕಾಣೆಯಾದವು. ಅಕ್ರಮ ಬಂಧನದ ವಿರುದ್ಧ ನ್ಯಾಯಾಲಯದ ಮೊರೆಹೋಗುವ ಹೇಬಿಯಸ್ ಕಾರ್ಪಸ್ ರಕ್ಷಣೆ ಇರುವುದು ಆ ಒಂಬತ್ತನೆಯ ಪ್ರಕರಣದಲ್ಲಿ. 1808ರ ಗಡುವಿನ ವಿಧಿ ಇರುವುದೂ ಅಲ್ಲಿಯೇ. ಲೋಪವನ್ನು ಗುರುತಿಸಿದವರು ತಾಣದ ಓದುಗರು. ಸಂಕೇತಲಿಪಿಯ ದೋಷದಿಂದ ಹೀಗಾಯಿತೆಂದು ಗ್ರಂಥಾಲಯ ತಿಳಿಸಿ, ಪಾಠವನ್ನು ಬೇಗನೆ ಮರಳಿಸಿತು. ಪ್ರತಿಕಾರನ ಕಣ್ಣು ಜಾರಿ ಓಲೆಯಲ್ಲಿ ಸಾಲು ತಪ್ಪುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ; ಇಲ್ಲಿ ತಾಳೆ ನೋಡಲು ಚರ್ಮಪಟದ ನಾಲ್ಕು ಹಾಳೆಗಳ ಮೂಲಪ್ರತಿ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಉಳಿದಿತ್ತು, ಅದರ ಚಿತ್ರಗಳು ಮತ್ತೊಂದು ತಾಣದಲ್ಲಿದ್ದವು.